ಮಕ್ಕಳ ಅಪಸ್ಮಾರ ಶಸ್ತ್ರಚಿಕಿತ್ಸೆಗೆ ಮುನ್ನ ಮಿದುಳಿನ ಚಿತ್ರಣ

ಔಷಧಗಳಿಗೆ ಬಗ್ಗದ ಅಪಸ್ಮಾರವುಳ್ಳ (ಮೂರ್ಛೆರೋಗ, ಆಡುಮಾತಿನಲ್ಲಿ ಫಿಟ್ಸ್) ಮಕ್ಕಳಲ್ಲಿ ಸೆಳವು ಹುಟ್ಟುವ ಮಿದುಳಿನ ಭಾಗವನ್ನು ಗುರುತಿಸಲು ಶಸ್ತ್ರಚಿಕಿತ್ಸೆಗೆ ಮೊದಲು ಹಲವು ಬಗೆಯ ಚಿತ್ರಣ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಆ ಭಾಗವನ್ನು ತೆಗೆದರೆ ಮಾತು, ಚಲನೆ, ದೃಷ್ಟಿ ಅಥವಾ ಸ್ಮರಣೆಗೆ ಧಕ್ಕೆಯಾಗುವುದೇ ಎಂಬುದನ್ನು ಮುಂಚಿತವಾಗಿ ಅಳೆಯುವುದೂ ಇವುಗಳ ಉದ್ದೇಶವಾಗಿದೆ. ಇವುಗಳಲ್ಲಿ ಕಾಂತೀಯ ಅನುರಣನ ಚಿತ್ರಣ (ಎಮ್‌ಆರ್‌ಐ) ಮೊದಲನೆಯದು ಮತ್ತು ಮುಖ್ಯವಾದುದು. ಚಿತ್ರಣವೊಂದರಿಂದಲೇ ಶಸ್ತ್ರಚಿಕಿತ್ಸೆಯ ತೀರ್ಮಾನವಾಗುವುದಿಲ್ಲ. ಸೆಳವಿನ ಲಕ್ಷಣಗಳು, ವಿಡಿಯೋ ಇಇಜಿ ಹಾಗೂ ಮನೋವೈಜ್ಞಾನಿಕ ಪರೀಕ್ಷೆಗಳೊಂದಿಗೆ ಅದನ್ನು ಹೊಂದಿಸಿ ನೋಡಬೇಕಾಗುತ್ತದೆ.

ಹಿನ್ನೆಲೆ

ಅಪಸ್ಮಾರವುಳ್ಳವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಔಷಧಗಳಿಂದ ಸೆಳವು ಪೂರ್ಣವಾಗಿ ನಿಲ್ಲುವುದಿಲ್ಲ. ಸರಿಯಾಗಿ ಆಯ್ದ, ದೇಹಕ್ಕೆ ಒಗ್ಗಿದ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಸೆಳವು ಮುಂದುವರಿದರೆ ಅದನ್ನು ಔಷಧನಿರೋಧಕ ಅಪಸ್ಮಾರವೆಂದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2010ರಲ್ಲಿ ವ್ಯಾಖ್ಯಾನಿಸಿತು. ಮಕ್ಕಳಲ್ಲಿ ಇದರ ಪರಿಣಾಮ ಹೆಚ್ಚು ತೀವ್ರವಾದುದು. ಬೆಳೆಯುತ್ತಿರುವ ಮಿದುಳಿನಲ್ಲಿ ಪದೇ ಪದೇ ಸೆಳವು ಬಂದರೆ ಮಾತು ಮತ್ತು ಕಲಿಕೆ ಹಿಂದುಳಿಯಬಹುದು, ಕಲಿತದ್ದೂ ಮರೆಯಾಗಬಹುದು. ಆದ್ದರಿಂದ ಎರಡು ಔಷಧಗಳು ವಿಫಲವಾದ ಮೇಲೆ ಮೂರನೆಯದು, ನಾಲ್ಕನೆಯದು ಎಂದು ವರ್ಷಗಳನ್ನು ಕಳೆಯದೆ ಶಸ್ತ್ರಚಿಕಿತ್ಸಾಪೂರ್ವ ಪರಿಶೀಲನೆಗೆ ಕಳುಹಿಸುವುದು ಉಚಿತ.

ಎಮ್‌ಆರ್‌ಐ

ಸಾಮಾನ್ಯ ತಲೆನೋವಿಗೆ ಮಾಡುವ ಎಮ್‌ಆರ್‌ಐಗೂ ಅಪಸ್ಮಾರಕ್ಕೆಂದೇ ಮಾಡುವ ಎಮ್‌ಆರ್‌ಐಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ದಪ್ಪ ಪದರಗಳ ನಡುವೆ ಅಂತರವಿರುವುದರಿಂದ ಕೆಲವೇ ಮಿಲಿಮೀಟರ್ ಗಾತ್ರದ ದೋಷ ತಪ್ಪಿಹೋಗಬಹುದು. 2019ರಲ್ಲಿ ಒಕ್ಕೂಟವು ಶಿಫಾರಸು ಮಾಡಿದ ಹಾರ್ನೆಸ್ ಎಂಬ ಕ್ರಮದಲ್ಲಿ ಮೂರು ಚಿತ್ರಸರಣಿಗಳು ಕಡ್ಡಾಯ: ಅಂತರವಿಲ್ಲದ 1 ಮಿಲಿಮೀಟರ್ ಘನಾಂಶಗಳ ಟಿ1 ಚಿತ್ರ, ಅದೇ ಸೂಕ್ಷ್ಮತೆಯ ಫ್ಲೇರ್ ಚಿತ್ರ, ಮತ್ತು ಹಿಪೊಕ್ಯಾಂಪಸ್‌ಗೆ ಲಂಬವಾಗಿ ತೆಗೆದ ಟಿ2 ಚಿತ್ರ. 3 ಟೆಸ್ಲಾ ಬಲದ ಯಂತ್ರವಿದ್ದರೆ ಒಳ್ಳೆಯದು. ಯಂತ್ರದಷ್ಟೇ ಮುಖ್ಯವಾದುದು ನೋಡುವವರ ಕಣ್ಣು. ಇಇಜಿ ಯಾವ ಭಾಗವನ್ನು ಸೂಚಿಸುತ್ತಿದೆ ಎಂಬುದನ್ನು ತಿಳಿದು ಅದೇ ಚಿತ್ರವನ್ನು ಮತ್ತೊಮ್ಮೆ ಪರಿಶೀಲಿಸಿದಾಗ, ಹಿಂದೆ ಸಹಜವೆಂದು ವರದಿಯಾದ ಚಿತ್ರದಲ್ಲಿಯೇ ದೋಷ ಪತ್ತೆಯಾಗುವುದುಂಟು.

ಎಳೆಯ ಮಿದುಳಿನಲ್ಲಿ ಎದುರಾಗುವ ತೊಡಕು

ವಯಸ್ಕರಿಗೆ ಇಲ್ಲದ ಒಂದು ಸಮಸ್ಯೆ ಶಿಶುಗಳಲ್ಲಿದೆ. ಹುಟ್ಟಿದಾಗ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಹುಪಾಲು ಇರುವುದಿಲ್ಲ. ಅದು ಮೊದಲ ಎರಡು ವರ್ಷಗಳಲ್ಲಿ ಹಂತಹಂತವಾಗಿ ಬೆಳೆಯುತ್ತದೆ. ನವಜಾತ ಶಿಶುವಿನ ಎಮ್‌ಆರ್‌ಐಯಲ್ಲಿ ಬೂದು ದ್ರವ್ಯ ಮತ್ತು ಬಿಳಿ ದ್ರವ್ಯಗಳ ಛಾಯೆ ವಯಸ್ಕರದಕ್ಕೆ ತಿರುವುಮುರುವಾಗಿರುತ್ತದೆ. ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಎರಡರ ಛಾಯೆಯೂ ಸಮವಾಗಿ, ಗಡಿ ಮಸುಕಾಗುತ್ತದೆ. ಈ ಅವಧಿಯಲ್ಲಿ ಸಣ್ಣ ದೋಷಗಳು ಅಡಗಿಬಿಡುತ್ತವೆ. ಆದ್ದರಿಂದ ಆಗ ತೆಗೆದ ಚಿತ್ರ ಸಹಜವಾಗಿ ಕಂಡರೂ, ಸೆಳವು ನಿಲ್ಲದಿದ್ದಲ್ಲಿ ಎರಡರಿಂದ ಎರಡೂವರೆ ವರ್ಷ ತುಂಬಿದ ಬಳಿಕ ಎಮ್‌ಆರ್‌ಐಯನ್ನು ಪುನಃ ಮಾಡಿಸುತ್ತಾರೆ. ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ: ಮೊದಲ ತಿಂಗಳುಗಳಲ್ಲಿ ಸ್ಪಷ್ಟವಾಗಿದ್ದ ದೋಷವೊಂದು ಮಯಲಿನ್ ತುಂಬಿದಂತೆ ಮರೆಯಾಗಬಹುದು. ಈ ಕಾರಣದಿಂದ ಶಿಶುವಿನ ಹಳೆಯ ಚಿತ್ರಗಳನ್ನು, ಕೇವಲ ವರದಿಯನ್ನಲ್ಲ, ಪಾಲಕರು ಜೋಪಾನವಾಗಿ ಇಟ್ಟುಕೊಳ್ಳುವುದು ಅಗತ್ಯ.

ಸಾಮಾನ್ಯವಾಗಿ ಕಾಣುವ ದೋಷಗಳು

ಶಸ್ತ್ರಚಿಕಿತ್ಸೆಗೆ ಒಳಗಾಗುವ ವಯಸ್ಕರಲ್ಲಿ ಹಿಪೊಕ್ಯಾಂಪಸ್‌ನ ಗಡುಸಾಗುವಿಕೆ ಹೆಚ್ಚಾಗಿ ಕಂಡುಬಂದರೆ, ಮಕ್ಕಳಲ್ಲಿ ಮೊದಲ ಸ್ಥಾನ ಮಿದುಳಿನ ತೊಗಟೆಯ ಸೀಮಿತ ವಿರೂಪ ಬೆಳವಣಿಗೆಯದು (ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯ). ಟೇಲರ್ ಮತ್ತು ಸಂಗಡಿಗರು 1971ರಲ್ಲಿ ಇದನ್ನು ವಿವರಿಸಿದರು. ಇಲ್ಲಿ ಗರ್ಭಾವಸ್ಥೆಯಲ್ಲಿ ನರಕೋಶಗಳು ಸರಿಯಾಗಿ ಪದರಗೊಂಡಿರುವುದಿಲ್ಲ. ತೊಗಟೆ ದಪ್ಪವಾಗಿರುವುದು, ಬೂದು–ಬಿಳಿ ಗಡಿ ಮಸುಕಾಗಿರುವುದು, ಫ್ಲೇರ್ ಚಿತ್ರದಲ್ಲಿ ತೊಗಟೆಯಿಂದ ಮಿದುಳಿನ ಕುಹರದ ಕಡೆಗೆ ಬಾಲದಂತೆ ಇಳಿಯುವ ಬಿಳಿ ಗೆರೆ ಇವು ಅದರ ಕುರುಹುಗಳು. ಮೊದಲನೆಯ ಪ್ರಕಾರದ ವಿರೂಪದಲ್ಲಿ ಎಮ್‌ಆರ್‌ಐ ಸಂಪೂರ್ಣ ಸಹಜವಾಗಿಯೂ ಇರಬಹುದು.

ನಿಧಾನವಾಗಿ ಬೆಳೆಯುವ ಗ್ಯಾಂಗ್ಲಿಯೋಗ್ಲಿಯೋಮದಂತಹ ಗೆಡ್ಡೆಗಳು, ಕಾರಣವಿಲ್ಲದ ನಗುವಿನ ಸೆಳವನ್ನು ತರುವ ಹೈಪೊಥಲಾಮಸ್‌ನ ಹ್ಯಾಮರ್ಟೋಮ, ಸ್ಟರ್ಜ್–ವೆಬರ್ ರೋಗ ಮೊದಲಾದವುಗಳನ್ನೂ ಎಮ್‌ಆರ್‌ಐ ತೋರಿಸುತ್ತದೆ. ಸುಣ್ಣಗಟ್ಟಿದ ಭಾಗಗಳನ್ನು ನೋಡಲು ಸಿಟಿ ಸ್ಕ್ಯಾನ್ ಈಗಲೂ ಉಪಯುಕ್ತ. ರಾಸ್ಮುಸೆನ್ ಉರಿಯೂತದಲ್ಲಿ ಅಥವಾ ಒಂದು ಅರ್ಧಗೋಳವೇ ಅತಿಯಾಗಿ ಬೆಳೆದಾಗ ಆ ಅರ್ಧಗೋಳವನ್ನು ಬೇರ್ಪಡಿಸುವ ಶಸ್ತ್ರಚಿಕಿತ್ಸೆ ನಡೆಯುವುದರಿಂದ, ಇನ್ನೊಂದು ಅರ್ಧಗೋಳ ಆರೋಗ್ಯಕರವಾಗಿದೆಯೇ ಎಂಬುದೇ ಅಲ್ಲಿ ಚಿತ್ರಣದ ಮುಖ್ಯ ಪ್ರಶ್ನೆ.

ಪೆಟ್ ಮತ್ತು ಸ್ಪೆಕ್ಟ್

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣಶೀಲ ಫ್ಲೋರಿನ್ ಸೇರಿಸಿದ ಗ್ಲೂಕೋಸ್ ಮಾದರಿಯ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸೆಳವಿಲ್ಲದ ಹೊತ್ತಿನಲ್ಲಿ ರೋಗಪೀಡಿತ ಭಾಗವು ಕಡಿಮೆ ಗ್ಲೂಕೋಸನ್ನು ಬಳಸುವುದರಿಂದ ಅದು ಮಂಕಾಗಿ ಕಾಣುತ್ತದೆ. ಮಂಕು ಪ್ರದೇಶವು ನಿಜವಾದ ದೋಷಕ್ಕಿಂತ ವಿಶಾಲವಾಗಿರುವುದು ಸಾಮಾನ್ಯ. ಅದನ್ನು ಎಮ್‌ಆರ್‌ಐ ಮೇಲೆ ಹೊಂದಿಸಿ ನೋಡಿದಾಗ ಕಣ್ತಪ್ಪಿದ್ದ ವಿರೂಪ ಕಾಣಸಿಗುತ್ತದೆ.

ಸ್ಪೆಕ್ಟ್ ಪರೀಕ್ಷೆಯದು ಗಡಿಯಾರದೊಡನೆ ಪೈಪೋಟಿ. ಸೆಳವು ಆರಂಭವಾದ ಕೆಲವೇ ಸೆಕೆಂಡುಗಳಲ್ಲಿ ಟೆಕ್ನೀಷಿಯಂ ಬೆರೆತ ಔಷಧವನ್ನು ಚುಚ್ಚಬೇಕು. ಅದು ಆ ಕ್ಷಣದಲ್ಲಿ ರಕ್ತಪ್ರವಾಹ ಹೆಚ್ಚಿರುವ ಭಾಗದಲ್ಲಿ ನೆಲೆನಿಲ್ಲುತ್ತದೆ. ಮಗು ಸುಧಾರಿಸಿಕೊಂಡ ಮೇಲೆ ಚಿತ್ರ ತೆಗೆದರೂ ಸೆಳವಿನ ಕ್ಷಣದ ನೋಟವೇ ದೊರೆಯುತ್ತದೆ. ಚುಚ್ಚುವುದು ತಡವಾದರೆ ಸೆಳವು ಹರಡಿದ ಜಾಗ ಕಾಣುತ್ತದೆಯೇ ಹೊರತು ಹುಟ್ಟಿದ ಜಾಗವಲ್ಲ. ಮಕ್ಕಳ ಸೆಳವುಗಳು ಅನೇಕ ವೇಳೆ ಅಲ್ಪಾವಧಿಯವಾದ್ದರಿಂದ ಈ ತಪ್ಪು ಸುಲಭವಾಗಿ ಸಂಭವಿಸುತ್ತದೆ.

ಕಾಪಾಡಬೇಕಾದ ಭಾಗಗಳ ನಕ್ಷೆ

ಕ್ರಿಯಾತ್ಮಕ ಎಮ್‌ಆರ್‌ಐಯು ರಕ್ತದ ಆಮ್ಲಜನಕ ಮಟ್ಟದ ಏರಿಳಿತದಿಂದ ಮಾತು ಮತ್ತು ಚಲನೆಯ ಕೇಂದ್ರಗಳನ್ನು ಗುರುತಿಸುತ್ತದೆ. ಹಿಂದೆ ಇದಕ್ಕಾಗಿ ಕತ್ತಿನ ರಕ್ತನಾಳದ ಮೂಲಕ ಒಂದು ಅರ್ಧಗೋಳವನ್ನು ನಿದ್ರೆಗೊಳಿಸುವ ವಾಡಾ ಪರೀಕ್ಷೆಯನ್ನೇ ಅವಲಂಬಿಸಬೇಕಾಗಿತ್ತು. ಚಿಕ್ಕ ಮಕ್ಕಳಲ್ಲಿ ಅದು ಬಹಳ ಕಷ್ಟಸಾಧ್ಯ. ಮಗುವಿಗೆ ಮನೆಮಾತಿನಲ್ಲಿಯೇ ಕಥೆ ಕೇಳಿಸಿ ಮಾಡುವ ಪರೀಕ್ಷೆ ಸೂಕ್ತ. ನರತಂತು ಚಿತ್ರಣವು ಕೈಕಾಲುಗಳಿಗೆ ಆಜ್ಞೆ ಒಯ್ಯುವ ತಂತುಗಳ ಹಾದಿಯನ್ನೂ, ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಲ್ಲಿ ಬಾಗಿ ಸಾಗುವ ದೃಷ್ಟಿತಂತುಗಳನ್ನೂ ತೋರಿಸುತ್ತದೆ. ಎಂಇಜಿ ಪರೀಕ್ಷೆಯು ನರಕೋಶಗಳ ವಿದ್ಯುತ್ತಿನಿಂದ ಉಂಟಾಗುವ ಅತಿ ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಈ ಸೌಲಭ್ಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಅರಿವಳಿಕೆ ಮತ್ತು ಸುರಕ್ಷತೆ

ಎಮ್‌ಆರ್‌ಐಯಲ್ಲಿ ಅಯಾನೀಕರಿಸುವ ವಿಕಿರಣವಿಲ್ಲ. ಸಿಟಿ, ಪೆಟ್, ಸ್ಪೆಕ್ಟ್‌ಗಳಲ್ಲಿದೆ. ಅಲ್ಲಾಡದೆ ಮಲಗಲಾರದ ಮಕ್ಕಳಿಗೆ ಅರಿವಳಿಕೆ ಬೇಕಾಗುತ್ತದೆ. ಹಸುಗೂಸುಗಳನ್ನು ಹಾಲುಣಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿಯೇ ಚಿತ್ರ ತೆಗೆಯುವುದುಂಟು. ಖಾಲಿಹೊಟ್ಟೆಯಲ್ಲಿರಬೇಕೆಂದು ಬೆಳಗಿನ ಅಪಸ್ಮಾರದ ಔಷಧವನ್ನು ಪಾಲಕರು ತಾವಾಗಿಯೇ ತಪ್ಪಿಸಬಾರದು. ವೈದ್ಯರನ್ನು ಕೇಳಿ ತಿಳಿಯಬೇಕು.

ಭಾರತದಲ್ಲಿ

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ದೆಹಲಿಯ ಏಮ್ಸ್, ನಿಮ್ಹಾನ್ಸ್ ಮೊದಲಾದೆಡೆ ಮಕ್ಕಳ ಅಪಸ್ಮಾರ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಏಮ್ಸ್‌ನಲ್ಲಿ 18 ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನ 116 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 77ರಷ್ಟು ಮತ್ತು ಔಷಧವನ್ನಷ್ಟೇ ಪಡೆದವರಲ್ಲಿ ಶೇ. 7ರಷ್ಟು ಮಂದಿ ಸೆಳವುಮುಕ್ತರಾಗಿದ್ದರು. ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 33ರಷ್ಟು ಮಂದಿಯಲ್ಲಿ ಗಂಭೀರ ಅಡ್ಡಪರಿಣಾಮಗಳು ಕಂಡವು. ಅವುಗಳಲ್ಲಿ ಹೆಚ್ಚಿನವು ದೇಹದ ಒಂದು ಪಾರ್ಶ್ವದ ನಿಶ್ಶಕ್ತಿ. ಹೆರಿಗೆಯ ವೇಳೆಯ ಆಮ್ಲಜನಕದ ಕೊರತೆ ಮತ್ತು ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆ ಕುಸಿಯುವುದರಿಂದ ಮಿದುಳಿನ ಹಿಂಭಾಗದಲ್ಲಿ ಉಳಿಯುವ ಗಾಯಕಲೆಗಳು ಇಲ್ಲಿನ ಮಕ್ಕಳ ಚಿತ್ರಗಳಲ್ಲಿ ಆಗಾಗ ಕಾಣುತ್ತವೆ. ಇವು ಬಹುತೇಕ ಎರಡೂ ಪಾರ್ಶ್ವಗಳಲ್ಲಿರುವುದರಿಂದ, ಸೆಳವು ಯಾವ ಕಡೆಯಿಂದ ಹುಟ್ಟುತ್ತಿದೆ ಎಂಬುದನ್ನು ಎಮ್‌ಆರ್‌ಐ ನೋಡಿ ಹೇಳಲಾಗುವುದಿಲ್ಲ. ಅಂತಹ ಕೆಲವು ಮಕ್ಕಳಲ್ಲಿ ಮಿದುಳಿನೊಳಗೆ ತೆಳುವಾದ ವಿದ್ಯುದ್ವಾರಗಳನ್ನು ಇಳಿಸಿ ಇಇಜಿ ದಾಖಲಿಸಬೇಕಾಗುತ್ತದೆ.