ವಿವಾದಿತ ರಾಷ್ಟ್ರೀಯತೆಯ ನಿರ್ಣಯ

ವಿವಾದಿತ ರಾಷ್ಟ್ರೀಯತೆಯ ನಿರ್ಣಯವೆಂದರೆ, ಆಶ್ರಯ ಕೋರಿದ ವ್ಯಕ್ತಿ ತಾನು ಇಂಥ ದೇಶದ ಪ್ರಜೆಯೆಂದು ಹೇಳಿಕೊಂಡಾಗ ಅರ್ಜಿ ಪರಿಶೀಲಿಸುವ ರಾಷ್ಟ್ರ ಅದನ್ನು ಒಪ್ಪದಿದ್ದರೆ, ಆತನ ನಿಜವಾದ ರಾಷ್ಟ್ರೀಯತೆಯನ್ನು ಸಾಕ್ಷ್ಯಾಧಾರಗಳಿಂದ ಗೊತ್ತುಪಡಿಸುವ ಕಾನೂನು ಪ್ರಕ್ರಿಯೆ. 1951ರ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ ಕಿರುಕುಳದ ಭೀತಿಯನ್ನು ಅರ್ಜಿದಾರನ ರಾಷ್ಟ್ರೀಯತೆಯ ದೇಶಕ್ಕೆ, ಆತ ರಾಷ್ಟ್ರೀಯತೆಯಿಲ್ಲದವನಾದರೆ ಹಿಂದೆ ವಾಡಿಕೆಯಾಗಿ ನೆಲೆಸಿದ್ದ ದೇಶಕ್ಕೆ ಸಂಬಂಧಿಸಿ ಅಳೆಯಬೇಕಾಗುವುದರಿಂದ, ಈ ನಿರ್ಣಯ ಇಡೀ ಅರ್ಜಿಗೆ ತಳಹದಿಯಾಗುತ್ತದೆ. ಒಂದಕ್ಕಿಂತ ಹೆಚ್ಚು ರಾಷ್ಟ್ರೀಯತೆಯಿದ್ದಲ್ಲಿ ಪ್ರತಿಯೊಂದು ದೇಶವನ್ನೂ ಪರಿಗಣಿಸಲಾಗುತ್ತದೆ.

ಪಾಸ್‌ಪೋರ್ಟ್, ಜನನ ಪ್ರಮಾಣಪತ್ರಗಳಂಥ ದಾಖಲೆಗಳು, ಊರು, ನಾಣ್ಯ, ಕುಲ ಮತ್ತು ಆಚರಣೆಗಳ ಬಗೆಗಿನ ಸಂದರ್ಶನ ಹಾಗೂ ಭಾಷಾ ವಿಶ್ಲೇಷಣೆ ಇದರ ಮುಖ್ಯ ಸಾಧನಗಳು. ರುಜುವಾತಿನ ಹೊಣೆ ಮೂಲತಃ ಅರ್ಜಿದಾರನದಾದರೂ, ಸಂಗತಿಗಳನ್ನು ಕಲೆಹಾಕುವ ಕರ್ತವ್ಯವನ್ನು ಪರಿಶೀಲನಾಧಿಕಾರಿಯೂ ಹಂಚಿಕೊಳ್ಳಬೇಕೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ 1979ರ ಕೈಪಿಡಿ ಹೇಳುತ್ತದೆ.

ಅರ್ಜಿದಾರನ ಮಾತನ್ನು ಧ್ವನಿಮುದ್ರಿಸಿ ಉಚ್ಚಾರಣೆ, ಪದಬಳಕೆ ಮತ್ತು ವ್ಯಾಕರಣವನ್ನು ಪರೀಕ್ಷಿಸುವ ಭಾಷಾ ವಿಶ್ಲೇಷಣೆ 1990ರ ದಶಕದಲ್ಲಿ ಸ್ವೀಡನ್ ಮೊದಲಾದ ಯುರೋಪಿನ ದೇಶಗಳಲ್ಲಿ ಬಳಕೆಗೆ ಬಂದಿತು. ಆದರೆ ಆಡುಭಾಷೆಗಳು ಗಡಿಗಳನ್ನು ಪಾಲಿಸುವುದಿಲ್ಲ: ಸ್ವಾಹಿಲಿಯ ಬಜೂನಿ ಉಪಭಾಷೆಯನ್ನು ದಕ್ಷಿಣ ಸೊಮಾಲಿಯಾದ ದ್ವೀಪಗಳಲ್ಲೂ ಕೀನ್ಯಾದ ಉತ್ತರ ಕರಾವಳಿಯಲ್ಲೂ ಆಡುತ್ತಾರೆ. ಆದ್ದರಿಂದ 2004ರಲ್ಲಿ ಭಾಷಾವಿಜ್ಞಾನಿಗಳ ತಂಡವೊಂದು ರೂಪಿಸಿದ ಮಾರ್ಗಸೂಚಿಗಳು, ವಿಶ್ಲೇಷಣೆಯಿಂದ ವ್ಯಕ್ತಿ ಬೆಳೆದ ಭಾಷಾ ಸಮುದಾಯವನ್ನು ಊಹಿಸಬಹುದೇ ಹೊರತು ರಾಷ್ಟ್ರೀಯತೆಯನ್ನು ನೇರವಾಗಿ ನಿರ್ಣಯಿಸಲಾಗದು ಎಂದವು. ಇಂಥ ವರದಿಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಆಯಾ ಪ್ರಕರಣದಲ್ಲಿ ನ್ಯಾಯಮಂಡಳಿಯೇ ತೂಗಿ ನೋಡಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ಸೊಮಾಲಿಯಾ ಮೂಲದವರೆಂದು ಹೇಳಿಕೊಂಡವರ ಪ್ರಕರಣದಲ್ಲಿ ತೀರ್ಪಿತ್ತಿತು.