ನಿದ್ದೆಯ ಮದ್ದು ಮತ್ತು ಡೋಪಮೈನ್

ನಿದ್ದೆ ಬರಿಸುವ, ಉದ್ವೇಗ ಇಳಿಸುವ ಔಷಧಗಳೆಲ್ಲ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕವನ್ನು ತಗ್ಗಿಸುತ್ತವೆ ಎಂದು ತಿಳಿದವರಿದ್ದಾರೆ. ಅದು ಅರ್ಧ ಸತ್ಯ. ಕೆಲವು ಅದನ್ನು ಬರಿದು ಮಾಡುತ್ತವೆ, ಕೆಲವು ತಡೆಯುತ್ತವೆ, ನಾವು ಹೆಚ್ಚಾಗಿ ನುಂಗುವ ಮಾತ್ರೆಗಳಂತೂ ಏರಿಸುತ್ತವೆ.

ಸರ್ಪಗಂಧದ ಬೇರು

ಈ ಕಥೆ ಆರಂಭವಾಗುವುದು ನಮ್ಮ ಘಟ್ಟದ ತಪ್ಪಲಿನಲ್ಲೂ ಬೆಳೆಯುವ ಸರ್ಪಗಂಧದಿಂದ. ಇದರ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆಂದು 1931ರಲ್ಲಿ ಸೇನ್ ಮತ್ತು ಬೋಸ್ ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ವಕೀಲ್ ರಕ್ತದೊತ್ತಡದ ರೋಗಿಗಳ ಅನುಭವವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರಿನಿಂದ ರಿಸರ್ಪೀನ್ ಎಂಬ ಔಷಧವನ್ನು ಬೇರ್ಪಡಿಸಿತು.

ನರಕೋಶದಲ್ಲಿ ಡೋಪಮೈನ್ ಪುಟ್ಟ ಚೀಲಗಳಲ್ಲಿ ಶೇಖರವಾಗಿರುತ್ತದೆ. ಚೀಲಕ್ಕೆ ಅದನ್ನು ತುಂಬುವ ವ್ಯವಸ್ಥೆಯನ್ನೇ ರಿಸರ್ಪೀನ್ ನಿಲ್ಲಿಸುತ್ತದೆ. ಹೊರಗುಳಿದದ್ದನ್ನು ಕಿಣ್ವಗಳು ಒಡೆದುಹಾಕುತ್ತವೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ರಿಸರ್ಪೀನ್ ಕೊಟ್ಟ ಮೊಲಗಳು ಕಿವಿ ಜೋತು, ಅಲುಗಾಡದೆ ಬಿದ್ದುಕೊಂಡವು. ಡೋಪಮೈನಿನ ಮೂಲವಸ್ತು ಎಲ್-ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 1957ರ ಈ ಶೋಧ ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ತೋರಿತು, ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು. ತಮಾಷೆಯೆಂದರೆ, ಎಲ್-ಡೋಪಾ ನಮ್ಮ ಬೇಲಿಯ ನಸುಗುನ್ನಿಯ ಬೀಜದಲ್ಲೇ ಇದೆ. ಹಾಗೆಂದು ಪುಡಿ ಮಾಡಿ ತಿನ್ನುವುದು ಬೇಡ.

ತಡೆಯುವವು

ಉನ್ಮಾದಕ್ಕೆ ಕೊಡುವ ಕ್ಲೋರ್‌ಪ್ರೊಮಝೈನ್, ಹ್ಯಾಲೊಪೆರಿಡಾಲ್ ಔಷಧಗಳು ಡೋಪಮೈನನ್ನು ಮುಟ್ಟುವುದಿಲ್ಲ. ಅದು ಹೋಗಿ ಕೂರಬೇಕಾದ ಡಿ2 ಗ್ರಾಹಕಗಳನ್ನು ಮೊದಲೇ ಹಿಡಿದುಕೊಳ್ಳುತ್ತವೆ. ಕೈ ನಡುಕ, ಮೈ ಬಿಗಿತ ಬರುವುದು ಅದರಿಂದ.

ಏರಿಸುವವು

ನಿದ್ದೆಗೂ ಉದ್ವೇಗಕ್ಕೂ ನುಂಗುವ ಆಲ್ಪ್ರಝೋಲಾಮ್, ಡಯಝೆಪಾಮ್ ಮಾತ್ರೆಗಳು ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸಿ ಮಿದುಳನ್ನು ಶಾಂತಗೊಳಿಸುತ್ತವೆ. ಆದರೆ ಮಧ್ಯಮಿದುಳಿನಲ್ಲಿ ಡೋಪಮೈನ್ ಕೋಶಗಳನ್ನು ಹದ್ದುಬಸ್ತಿನಲ್ಲಿಡುವುದೂ ಗಾಬಾ ಕೋಶಗಳೇ. ಮಾತ್ರೆ ಮೊದಲು ಮಲಗಿಸುವುದು ಈ ಕಾವಲುಗಾರರನ್ನು, ಡೋಪಮೈನ್ ಹೊರಬೀಳುತ್ತದೆ. 2010ರಲ್ಲಿ ಜಿನೀವಾದ ಕ್ರಿಸ್ಟಿಯನ್ ಲೂಶರ್ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ಚಟದ ಬೇರು ಇಲ್ಲಿದೆ. ಭಾರತದಲ್ಲಿ 2014ರಿಂದ ಇವು ಎಚ್1 ಪಟ್ಟಿಯಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ.

ಕೆ.ಟಿ. ಏನು ಮಾಡುತ್ತದೆ?

ಹಾಲಿನ ಮೇಲೆ ಡಿಕಾಕ್ಷನ್ ನಿಲ್ಲಿಸಿದ ಕೆ.ಟಿ., ಅಂದರೆ ಕಲ್ಲಡ್ಕ ಟೀಯ ಕೆಫೀನ್ ಬೇರೆ ದಾರಿ ಹಿಡಿಯುತ್ತದೆ. ಡಿ2 ಗ್ರಾಹಕಗಳ ಚುರುಕು ತಗ್ಗಿಸುವ ಅಡಿನೋಸಿನನ್ನು ಅದು ತಡೆಯುತ್ತದೆ. ಆದರೂ ರಾತ್ರಿಯ ಮಾತ್ರೆಯನ್ನು ಬೆಳಗಿನ ಚಹಾ ದೇಹದಿಂದ ಹೊರಹಾಕದು; ಮಂಪರಿನಲ್ಲಿ ಬೈಕ್ ಹತ್ತಬೇಡಿ.

ದಿನವೂ ನುಂಗುತ್ತಿದ್ದ ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.