ಕಿಸೆಯಲ್ಲಿದ್ದ ರಿಪೇರಿ ಅಂಗಡಿ

ಹುಲಗೂರಿನ ಖಾದ್ರಿ ದರ್ಗಾದ ಉರುಸಿನ ವರದಿಯೊಂದು ನಮ್ಮ ಹಳೆಯ ಪೆನ್‌ಡ್ರೈವಿನಲ್ಲಿ ಇನ್ನೂ ಇದೆ. ಅದು ಅಚ್ಚಾಗಲಿಲ್ಲ. ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಇಳಿದ ಹೊಸತು, 2010ರ ಆಸುಪಾಸು. ಊರಲ್ಲೇ ಪರಿಚಯದವರ ಮನೆಯ ಕಂಪ್ಯೂಟರಿನಲ್ಲಿ ‘ನುಡಿ’ ಹಾಕಿಕೊಂಡು ಬರೆದು, ಪೆನ್‌ಡ್ರೈವಿಗೆ ತುಂಬಿಕೊಂಡು, ಶಿಗ್ಗಾವಿ ಬಸ್ಸು ಹಿಡಿದೆವು. ಅಲ್ಲಿನ ಸೈಬರ್‌ನಲ್ಲಿ ಫೈಲು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಚುಕ್ಕೆ, ಗೀಟು, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ ಇಳಿಸಿಕೊಳ್ಳುತ್ತೇವೆ ಎಂದರೆ ಅಂಗಡಿಯ ಹುಡುಗ, ‘ಹೊಸಾದೇನೂ ಹಾಕಂಗಿಲ್ಲರೀ ಸರ, ಮಾಲಕರು ಬೈತಾರ’ ಎಂದ. ಅಷ್ಟರಲ್ಲಿ ಕರೆಂಟೂ ಹೋಯಿತು. ಡೆಸ್ಕಿಗೆ ಫೋನಿನಲ್ಲಿ ನಾಲ್ಕು ಸಾಲು ಹೇಳಿ ಮುಗಿಸಿದೆವು. ಒಂದು ಪುಟದ ವರದಿ ಒಳಗೇ ಉಳಿಯಿತು.

ಪೆನ್‌ಡ್ರೈವಿನಲ್ಲಿ ರಿಪೇರಿ ಸಾಮಾನು ಕಟ್ಟಿಕೊಂಡು ತಿರುಗುವ ಅಭ್ಯಾಸ ನಮಗೆ ಹತ್ತಿದ್ದು ಆ ಸಂಜೆಯ ನಂತರ. ಬೇರೆ ದೇಶಗಳಲ್ಲಿ ಇಂಥ ಕಟ್ಟನ್ನು ಕಂಪ್ಯೂಟರ್ ದುರಸ್ತಿಗಾರರು ಮಾಡಿಕೊಂಡರಂತೆ. ನಮ್ಮ ಹಾವೇರಿ ಜಿಲ್ಲೆಯ ಬಿಡಿ ವರದಿಗಾರರು ಮಾಡಿಕೊಂಡದ್ದು ಅಕ್ಷರ ಹೊತ್ತುಕೊಂಡು ಹೋಗಲಿಕ್ಕೆ. ದುರಸ್ತಿ ಆಮೇಲೆ ಬಂದು ಸೇರಿಕೊಂಡಿತು.

ಸಾಧನದ ಹುಟ್ಟು ಬಹಳ ಹಳೆಯದಲ್ಲ. ಕರೆಂಟ್ ಹೋದರೂ ನೆನಪು ಅಳಿಯದ ಫ್ಲಾಶ್ ಮೆಮರಿಯನ್ನು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ 1980ರ ದಶಕದಲ್ಲಿ ರೂಪಿಸಿದರು. ಯು.ಎಸ್.ಬಿ. ಸಂಪರ್ಕದ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಇಂಟೆಲ್‌ನ ಅಜಯ್ ಭಟ್ ಬರೋಡಾದಲ್ಲಿ ಓದಿದವರು. ಇವೆರಡನ್ನೂ ಜೋಡಿಸಿದ ಕಡ್ಡಿ 2000ನೇ ಇಸವಿಯಲ್ಲಿ ಮಾರಾಟಕ್ಕೆ ಬಂತು. ಮೊದಲು ಮಾಡಿದವರು ನಾವೇ ಎಂದು ಸಿಂಗಪುರ, ಇಸ್ರೇಲ್, ಚೀನಾದ ಕಂಪನಿಗಳು ಪೇಟೆಂಟಿಗಾಗಿ ಕಿತ್ತಾಡಿದವು. ಆಗಿನ ಕಡ್ಡಿಯಲ್ಲಿ ಹಿಡಿಯುತ್ತಿದ್ದದ್ದು 8 ಎಂ.ಬಿ. ಈಗ ನಗು ಬರುತ್ತದೆ. ಆದರೆ 1.44 ಎಂ.ಬಿ.ಯ ಫ್ಲಾಪಿ ಹೊತ್ತು ತಿರುಗಿದವರಿಗೆ ಅದು ಐದು ಫ್ಲಾಪಿಗಿಂತ ಹೆಚ್ಚು.

ಕನ್ನಡದ ಕತೆ ಮಾತ್ರ ಬೇರೆ ದಾರಿ ಹಿಡಿದಿತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕೆಲ ವರ್ಷಗಳಲ್ಲೇ ಕನ್ನಡ ಗಣಕ ಪರಿಷತ್ತು, ಸರ್ಕಾರದ ಬೆಂಬಲದೊಂದಿಗೆ ‘ನುಡಿ’ ತಂದಿತು. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಎರಡೂ ಪುಕ್ಕಟೆ ಸಿಕ್ಕಿದ್ದು ನಮ್ಮಂಥವರ ಪುಣ್ಯ. ಆದರೆ ಇವುಗಳ ಹಳೆಯ ಫಾಂಟುಗಳು ಮಾಡುತ್ತಿದ್ದದ್ದು ಒಂದು ಜಾಣ ಮೋಸ. ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಕ್ಕೆ ಮೀಸಲಾದ ಮನೆಯಲ್ಲಿ ಕನ್ನಡದ ಆಕಾರವನ್ನು ಕೂರಿಸುವುದು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೊಪ್ಪಿಗೆ ಸಾಲು. ಪತ್ರಿಕೆಗಳ ಪುಟ ಕಟ್ಟುವವರು ಬಳಸುತ್ತಿದ್ದ ಶ್ರೀಲಿಪಿ, ಆಕೃತಿಗಳಲ್ಲಿ ಯಾವ ಮನೆಯಲ್ಲಿ ಯಾವ ಅಕ್ಷರ ಎಂಬ ಲೆಕ್ಕವೇ ಬೇರೆ. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಯುನಿಕೋಡ್ ಇರಲಿಲ್ಲವೇ? ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದೇ ‘ತುಂಗಾ’ ಎಂಬ ಫಾಂಟ್ ಕೂಡ ಬಂತು. ಆದರೆ ಎಕ್ಸ್‌ಪಿಯಲ್ಲಿ ಒತ್ತು, ಗುಣಿತ ಸರಿಯಾಗಿ ಮೂಡಬೇಕಾದರೆ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತು. ಹಾಕಿದೊಡನೆ ಅದು ವಿಂಡೋಸ್ ಸಿ.ಡಿ. ಕೇಳುತ್ತಿತ್ತು. ಸವಣೂರಿನಲ್ಲಾಗಲಿ ಹಾನಗಲ್ಲಿನಲ್ಲಾಗಲಿ ಸಂಜೆ ಆರು ಗಂಟೆಗೆ ಯಾರು ಸಿ.ಡಿ. ಹುಡುಕಿ ಕೊಡುತ್ತಾರೆ? ನಮ್ಮ ತುಂಗಭದ್ರೆಗೆ ಹರಿದು ಬರುವ ಹೊಳೆಯ ಹೆಸರಿನ ಫಾಂಟ್ ಆ ಕಂಪ್ಯೂಟರುಗಳಲ್ಲಿ ಬಹುಕಾಲ ಒಣಗಿಯೇ ಇತ್ತು.

ಹೀಗಾಗಿ ಕಡ್ಡಿಯಲ್ಲಿ ಮೊದಲು ಹೊಕ್ಕದ್ದು ನುಡಿ, ಬರಹ ಎರಡರ ಸೆಟಪ್ ಫೈಲು, ಜೊತೆಗೆ ಬರೀ ಫಾಂಟುಗಳ ಒಂದು ಫೋಲ್ಡರ್. ಎರಡನೆಯದು ಪೋರ್ಟಬಲ್ ತಂತ್ರಾಂಶಗಳು. 2004ರಲ್ಲಿ ಅಮೆರಿಕದ ಜಾನ್ ಹ್ಯಾಲರ್ ಎಂಬುವರು ಫೈರ್‌ಫಾಕ್ಸ್ ಅನ್ನು ಕಡ್ಡಿಯಿಂದಲೇ ಓಡುವಂತೆ ಮಾಡಿ, ಅದೇ ಮಾದರಿಯಲ್ಲಿ ಇನ್ನಷ್ಟು ತಂತ್ರಾಂಶಗಳನ್ನು ಸಿದ್ಧಮಾಡಿ ಹಂಚಿದರು. ಮಾಲಕರು ‘ಏನೂ ಹಾಕಬೇಡ’ ಎಂದ ಕಂಪ್ಯೂಟರಿನಲ್ಲೂ ನಮ್ಮದೇ ಬ್ರೌಸರ್ ತೆರೆಯಬಹುದಿತ್ತು, ನಮ್ಮ ಪಾಸ್‌ವರ್ಡ್ ಅಂಗಡಿಯ ಬ್ರೌಸರಿನಲ್ಲಿ ಉಳಿಯುತ್ತಿರಲಿಲ್ಲ. ಫಾಂಟಿಗೆ ಮಾತ್ರ ಆ ಸೌಕರ್ಯ ಇಲ್ಲ. ಅದನ್ನು ವಿಂಡೋಸಿಗೇ ಸೇರಿಸಬೇಕು, ಸೇರಿಸಲು ಅನುಮತಿ ಬೇಕು. ಅದಕ್ಕೊಂದು ಅಡ್ಡದಾರಿ ಇತ್ತು. ಊರಲ್ಲೇ ಪಿ.ಡಿ.ಎಫ್. ಮಾಡಿಕೊಂಡರೆ ಫಾಂಟ್ ಫೈಲಿನೊಳಗೇ ಕುಳಿತು ಬರುತ್ತದೆ. ಅದನ್ನೂ ಮೂಲ ಫೈಲನ್ನೂ ಒಟ್ಟಿಗೆ ಕಳಿಸಿದರೆ, ಮೂಲ ಕೆಟ್ಟರೂ ಡೆಸ್ಕಿನವರು ಪಿ.ಡಿ.ಎಫ್. ನೋಡಿ ಮತ್ತೆ ಟೈಪ್ ಮಾಡಿಕೊಳ್ಳಬಹುದು. ಅವರಿಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ಬರೆಯುವುದು ಬೇಡ.

ಮೂರನೆಯದು ವೈರಸ್ಸಿನ ಕಾಟ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಡ್ಡಿ ಚುಚ್ಚಿದೊಡನೆ ತನ್ನಷ್ಟಕ್ಕೆ ಓಡುವ ‘ಆಟೋರನ್’ ಸೌಲಭ್ಯವನ್ನೇ ಹಿಡಿದುಕೊಂಡು ವೈರಸ್ಸುಗಳು ಹಬ್ಬುತ್ತಿದ್ದವು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ನುಗ್ಗಿತು. ಅದರ ಒಂದು ದಾರಿ ಪೆನ್‌ಡ್ರೈವ್. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಕೂಡ ಕಡ್ಡಿಯ ಮೂಲಕ ಹರಡಬಲ್ಲದಾಗಿತ್ತು, ಅದರ ಗುರಿ ಇರಾನಿನ ಅಣು ಸ್ಥಾವರ. ನಮ್ಮ ಗುರಿ ಡೆಸ್ಕಿಗೆ ಒಂದು ಫೋಟೊ ಮುಟ್ಟಿಸುವುದು, ಅಷ್ಟೇ. ಒಂದು ಸಲ ಕಡ್ಡಿ ಹಾಕಿ ತೆಗೆದರೆ ಫೋಲ್ಡರುಗಳೆಲ್ಲ ಮಾಯ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ. ಎಷ್ಟೋ ಜನ ಎಲ್ಲ ಹೋಯಿತೆಂದು ಅತ್ತು ಫಾರ್ಮ್ಯಾಟ್ ಹೊಡೆದರು. ಫೈಲುಗಳು ಹೋಗಿರುತ್ತಿರಲಿಲ್ಲ, ಅಡಗಿರುತ್ತಿದ್ದವು. ಕಪ್ಪು ಪರದೆ ತೆರೆದು ‘ಅಟ್ರಿಬ್’ ಎಂಬ ಆಜ್ಞೆ ಕೊಟ್ಟು, ಅಡಗಿಸಿದ ಗುರುತು, ಸಿಸ್ಟಮ್ ಗುರುತು ಎರಡನ್ನೂ ತೆಗೆದರೆ ಮತ್ತೆ ಕಾಣಿಸುತ್ತಿದ್ದವು. ಆ ಒಂದು ಸಾಲನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಇನ್ನೊಂದು ಹಳ್ಳಿ ಮದ್ದೂ ಇತ್ತು. ವೈರಸ್ಸು ಬರೆಯಲು ಹೊರಟ ‘ಆಟೋರನ್’ ಫೈಲಿನ ಹೆಸರಿನಲ್ಲೇ ಮೊದಲೇ ಒಂದು ಖಾಲಿ ಫೋಲ್ಡರ್ ಮಾಡಿಡುವುದು. ಒಂದೇ ಹೆಸರಿನ ಫೈಲೂ ಫೋಲ್ಡರೂ ಒಂದೆಡೆ ಇರಲಾರವು, ಹಾಗಾಗಿ ಬಡ ವೈರಸ್ಸು ಹೊರಗೇ ನಿಲ್ಲುತ್ತಿತ್ತು. ಜಾಣ ವೈರಸ್ಸು ಫೋಲ್ಡರನ್ನೇ ಅಳಿಸುತ್ತಿತ್ತು, ಅದು ಬೇರೆ ಮಾತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸುಗಳಲ್ಲೂ ಕಡ್ಡಿಯ ಆಟೋರನ್ ನಿಲ್ಲಿಸುವ ಅಪ್‌ಡೇಟ್ ಕಳಿಸಿತು. ಕಳ್ಳ ನಕಲಿನ ಎಕ್ಸ್‌ಪಿಗೆ ಅಪ್‌ಡೇಟ್ ಹಾಕುವವರು ಯಾರು?

ಕಡೆಗೆ ಸೇರಿದ್ದು ಲಿನಕ್ಸ್. ಯು.ಪಿ.ಎಸ್. ಇಲ್ಲದ ಕಂಪ್ಯೂಟರು ಕರೆಂಟ್ ಹೋಗಿ ಬಂದು ಹೋಗಿ ಒಂದು ದಿನ ಏಳುವುದೇ ಇಲ್ಲ. ಆಗ ಡಿಸ್ಕ್ ಮುಟ್ಟದೆ ಹೊರಗಿನಿಂದಲೇ ಕಂಪ್ಯೂಟರನ್ನು ಎಬ್ಬಿಸುವ ವಿದ್ಯೆಯನ್ನು ಜರ್ಮನಿಯ ಕ್ಲಾಸ್ ನಾಪರ್ 2000ರಲ್ಲಿ ‘ನಾಪಿಕ್ಸ್’ ಸಿ.ಡಿ.ಯ ಮೂಲಕ ಜನಪ್ರಿಯ ಮಾಡಿದ್ದರು. ಅದೇ ವಿದ್ಯೆ ಕಡ್ಡಿಗೂ ಬಂತು. ನಾವು ಉಬುಂಟು ಹಾಕಿಕೊಂಡಿದ್ದೆವು. ಬಯೋಸಿಗೆ ಹೋಗಿ ಮೊದಲು ಕಡ್ಡಿಯಿಂದ ಏಳು ಎಂದು ಹೇಳಿ, ಒಳಗಿದ್ದ ಮದುವೆ ಫೋಟೊ, ಸಂಘದ ಲೆಕ್ಕ, ಮಕ್ಕಳ ಪ್ರಾಜೆಕ್ಟು ಎಲ್ಲ ಬೇರೆಡೆ ಎತ್ತಿಟ್ಟು ಕೊಟ್ಟರೆ ಊರಲ್ಲಿ ನಮ್ಮ ಮರ್ಯಾದೆ ವರದಿಗಾರಿಕೆಗಿಂತ ಅದರಿಂದಲೇ ಹೆಚ್ಚಾಯಿತು. ಒಂದು ಕಪ್ ಚಹಾಕ್ಕೆ ಎಷ್ಟೋ ಸುದ್ದಿಯೂ ಸಿಕ್ಕಿತು, ಸುಳ್ಳೇಕೆ ಹೇಳಬೇಕು.

ಈಗ ಈ ಕಟ್ಟಿನ ಅಗತ್ಯ ಯಾರಿಗೂ ಇಲ್ಲ. ಮೊಬೈಲಿನಲ್ಲಿ ಯುನಿಕೋಡ್ ಕನ್ನಡ ತಾನಾಗಿ ಇದೆ. ಹುಲಗೂರಿನ ಸಂತೆಯಲ್ಲಿ ನಿಂತೇ ವರದಿ ಕಳಿಸಬಹುದು.

ಹಾಗೆಂದು ಡಬ್ಬಿಯಲ್ಲಿ ಬಿದ್ದಿದ್ದ ಐದು ಕಡ್ಡಿಗಳನ್ನು ಕಳೆದ ತಿಂಗಳು ತೆಗೆದು ನೋಡಿದೆವು. ಎರಡು ಬಾಯಿ ಬಿಡಲಿಲ್ಲ. ಫ್ಲಾಶ್ ಮೆಮರಿಯಲ್ಲಿ ಬರಹ ನಿಲ್ಲುವುದು ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುತ್ತಿನ ರೂಪದಲ್ಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಉಳಿದ ಮೂರರಲ್ಲಿ ನಮ್ಮ ಮೊದಲ ವರ್ಷಗಳ ಬರಹವೆಲ್ಲ ಇದೆ: ಬರ, ಬೆಳೆ ವಿಮೆ, ಶಾಲೆ ಕಟ್ಟಡ, ಜಾತ್ರೆ, ಡೆಸ್ಕಿನವರು ಕತ್ತರಿಸುವ ಮುಂಚಿನ ಪೂರ್ತಿ ಪಾಠ. ಪತ್ರಿಕೆಯ ಕಡತದಲ್ಲೂ ಅದಿಲ್ಲ.

ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಸಿಗುತ್ತವೆ, ಒಂದಕ್ಕೆ ಫೈಲುಗಳನ್ನು ಹಾಕಿದೆವು. ಬಹುಪಾಲು ಸರಿ ಬಂತು. ಕೆಟ್ಟದ್ದು ಅರ್ಕಾವೊತ್ತು. ನುಡಿಯಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಾರೆ, ಯುನಿಕೋಡ್ ಅದನ್ನು ಮೊದಲೇ ಕೇಳುತ್ತದೆ. ನಾವು ಹಾಕಿದ ಸಲಕರಣೆ ಈ ಅದಲುಬದಲು ಮಾಡಲಿಲ್ಲ. ‘ಕನರ್ಾಟಕ’ ಎಂದು ಅಂತರ್ಜಾಲದಲ್ಲಿ ನೀವೂ ಕಂಡಿರುತ್ತೀರಿ, ಅದೇ ರೋಗ. ಉರುಸಿನ ವರದಿಗೆಂದು ‘ದರ್ಗಾ’ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಫೈಲು ಕಣ್ಣೆದುರೇ ಇತ್ತು; ಅದರಲ್ಲಿ ‘ದಗರ್ಾ’ ಎಂದಿತ್ತು. ಹನ್ನೊಂದು ಕಡೆ ಕೈಯಿಂದ ತಿದ್ದಿದ್ದೇವೆ. ಇನ್ನೂ ಮುನ್ನೂರು ಚಿಲ್ಲರೆ ಫೈಲುಗಳಿವೆ.